ಅಕ್ಕನ ಕೋಸು ಗಡ್ಡೆ ಕಟ್ಟಿದ್ದು

ನನ್ನ ವಾರಗಿತ್ತಿಯ ಬಾಯಿಗೆ ಹೆದರದ ಜೀವ ಮಾರಿಕುಪ್ಪದಲ್ಲಿ ಒಂದೇ ಒಂದಿತ್ತು. ಅದು ಗಿಡ. ಮನುಷ್ಯರ ಮಾತು ಬಿಡಿ, ಅವರು ಹೇಗೂ ಹೆದರುತ್ತಿದ್ದರು! ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ.

ಭಾವನವರು ಚಿನ್ನದ ಗಣಿಯ ದೊರೆಯೊಬ್ಬರ ಬಂಗಲೆಯಲ್ಲಿ ಮಾಲಿ. ದೊರೆಸಾನಿ ತನ್ನ ಸೀಮೆಗೆ ಹೊರಟಾಗ ಉಳಿದ ಒಂದು ಚಿಟಿಕೆ ಬೀಜವನ್ನು ಅವರಿಗೆ ಕೊಟ್ಟಳಂತೆ. "ಕೋಸಿನ ಜಾತಿ" ಎಂದು ಅವರು ಬಾಯಿತಪ್ಪಿ ಅಂದರು. ಅಷ್ಟೇ ಸಾಕಾಯಿತು! ಅಕ್ಕ ಹಿತ್ತಿಲಲ್ಲಿ ಆರು ಸಸಿ ನೆಟ್ಟಳು. ದೀಪಾವಳಿಗೆ ಕಾಮಸಮುದ್ರಕ್ಕೆ, ನಮ್ಮ ಮನೆಗೆ ಬಂದಾಗ ಅದೇ ಡಂಗುರ. ನನ್ನ ನಾಲಿಗೆಗೋ ಮೂಳೆಯಿಲ್ಲ.

"ಗಣಿ ಮಣ್ಣಲ್ಲಿ ಕೋಸಾ? ಕಲ್ಲು ಬೆಳೀತೀಯ ಬಿಡಕ್ಕಾ!"

"ಲೇ, ನಿಂಗೆ ಕೋಸಿನ ಪಲ್ಯ ಬಡಿಸ್ದೆ ಈ ಒಸ್ಲು ತುಳಿದ್ರೆ ನಾನ್ ನಮ್ಮಪ್ಪನ ಮಗಳೇ ಅಲ್ಲ!"

ಆಗ ನಕ್ಕೆ. ಅವಳು ಹೋದ ಮೇಲೆ ನಗು ನಿಂತಿತು. ನಾನು ಚೊಚ್ಚಲ ಬಸುರಿ. ತಾಯಿಯಿಲ್ಲ, ಅತ್ತೆಯಿಲ್ಲ. ಬಾಣಂತನಕ್ಕೆ ಬರಬೇಕಾದವಳು ಇವಳೇ!

ಸಂಕ್ರಾಂತಿ ಕಳೆದ ಮೇಲೆ ಏಳು ತಿಂಗಳ ಹೊಟ್ಟೆ ಹೊತ್ತು, ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ನಾನೇ ಹೋದೆ. ಗಿಡಗಳು ಮೊಣಕಾಲೆತ್ತರ ಬೆಳೆದಿದ್ದವು. ಸುಕ್ಕು ಸುಕ್ಕು ಎಲೆ. ಗಡ್ಡೆಯ ಸುಳಿವಿಲ್ಲ. ಅಕ್ಕ ಆರಕ್ಕೂ ಬಾಳೆನಾರು ಸುತ್ತಿ ಜುಟ್ಟು ಕಟ್ಟಿದ್ದಳು!

"ಇದೇನಕ್ಕಾ?"

"ಪಡವಲಕಾಯ್ಗೆ ಕಲ್ಲು ಕಟ್ಟಿದ್ರೆ ನೆಟ್ಟಗಾಗಲ್ವಾ? ಇದ್ಕೆ ನಾರು ಕಟ್ಟಿದ್ರೆ ಗುಂಡಗಾಯ್ತದೆ."

ಯಾವ ಪಂಡಿತ ಇದಕ್ಕೆ ಉತ್ತರ ಹೇಳಿಯಾನು?

ಭಾವನವರು ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವವರಲ್ಲ. ಕಂಬದ ಕಡೆ ತಿರುಗಿ ಪಿಸುಗುಟ್ಟಿದರು: "ಅದು ಕೇಲ್ ಅಂತೆ. ಬರೀ ಎಲೆ. ಸತ್ರೂ ಗಡ್ಡೆ ಕಟ್ಟಲ್ಲ."

"ಅಕ್ಕಂಗೆ ಏಳ್ಬಾರ್ದಾ?" ನಾನೂ ಕಂಬವನ್ನೇ ಕೇಳಿದೆ.

"ಕಂಬಾನೇ ಏಳ್ಲಿ" ಎಂದವರೇ ಬಂಗಲೆಗೆ ಹೊರಟುಬಿಟ್ಟರು.

ನನಗೋ ಆ ಹಸಿರು ನೋಡಿ ಬಾಯಲ್ಲಿ ನೀರು. "ಅಕ್ಕಾ, ಮಸ್ಸೊಪ್ಪು ತಿನ್ನಂಗಾಗೈತೆ." ಎಲೆ ಕಿತ್ತರೆ ಗಡ್ಡೆ ಕಟ್ಟುವುದಿಲ್ಲವೆಂದು ಕಟ್ಟಿಕೊಂಡ ಗಂಡನಿಗೂ ಒಂದೆಲೆ ಕೊಡದವಳು! ಗಿಡ ನೋಡಿದಳು, ನನ್ನ ಹೊಟ್ಟೆ ನೋಡಿದಳು. ಬಸುರಿಯ ಬಯಕೆಗೆ ಇಲ್ಲವೆನ್ನಲಾದೀತೇ? ಬಯ್ದುಕೊಂಡೇ ಕೆಳಗಿನ ಎಲೆಗಳನ್ನು ಕಿತ್ತಳು. ಅದೇನು ಬೇಯುವ ಜಾತಿಯೇ? ಬೇಳೆ ಕರಗಿ ಹೋದರೂ ಸೊಪ್ಪು ಜಪ್ಪಯ್ಯ ಅಂದರೂ ಬೇಯಲಿಲ್ಲ. ಅಕ್ಕ ಮಸೆದು ಮಸೆದು ಬೆವರಿದಳು. ಆದರೆ ರುಚಿ? ಎರಡು ಮುದ್ದೆ ಇಳಿದದ್ದೇ ಗೊತ್ತಾಗಲಿಲ್ಲ.

"ತಿನ್ನು. ಆದ್ರೆ ಇದು ಮಸ್ಸೊಪ್ಪು, ಕೋಸಿನ ಪಲ್ಯ ಅಲ್ಲ. ಮಾತು ಮಾತೇ" ಎಂದಳು.

ಮರುದಿನ ಬೆಳಿಗ್ಗೆ ಅವಳು ನೀರಿಗೆ ಹೋದಾಗ ಹಿತ್ತಿಲಿಗೆ ನುಗ್ಗಿದೆ. ಜಡೆಗೆ ಕಟ್ಟಿದ್ದ ಕಪ್ಪು ದಾರ ಬಿಚ್ಚಿ, ಒಂದು ಗಿಡದ ಬಾಳೆನಾರು ಕಿತ್ತು, ಎಲೆಗಳನ್ನೆಲ್ಲ ಒತ್ತಿ ಮಡಿಸಿ, ಉಂಡೆ ಮಾಡಿ ಬಿಗಿದೆ. ಅವಳು ಕೊಡ ಇಳಿಸುವ ಮೊದಲೇ ಕೂಗಿದೆ: "ಅಕ್ಕಾ, ಕೋಸು ಗಡ್ಡೆ ಕಟ್ಟೈತೆ!"

ಬಂದಳು. ಬೆರಳಿನಿಂದ ಒತ್ತಿದಳು. ದಾರ ನೋಡಿದಳು. ನನ್ನ ಬಿಚ್ಚಿದ ಜಡೆ ನೋಡಿದಳು. ಬಾಯಿಜೋರಿನ ನನಗೆ ಅಳುವೇ ಬಂದುಬಿಟ್ಟಿತು.

"ನೀನ್ ಬರ್ದಿದ್ರೆ ನಂಗಿನ್ಯಾರಿದಾರಕ್ಕಾ?"

ಅಕ್ಕ ಬಯ್ಯಲಿಲ್ಲ. ಕುಡುಗೋಲು ತಂದು ಆ ಉಂಡೆಯನ್ನು ಕೊಯ್ದು ನನ್ನ ಮಡಿಲಿಗೆ ಹಾಕಿದಳು. ಜಗಲಿಯಲ್ಲಿ ಕೂರಿಸಿ, ಅದರ ದಾರ ಬಿಚ್ಚಿಕೊಂಡಳು. ಎಲೆಗಳೆಲ್ಲ ನನ್ನ ಮಡಿಲಲ್ಲಿ ಹರಡಿಕೊಂಡವು. ಇಬ್ಬರೂ ಕಂಡೂ ಕಾಣದಂತಿದ್ದೆವು.

"ಕೋಸೇ ಕಣೇ" ಎಂದಳು, ನನ್ನ ಬೆನ್ನ ಹಿಂದೆ ಕೂತು ಜಡೆ ಹೆಣೆಯುತ್ತಾ. "ಪಲ್ಯ ಮಾಡ್ತೀನಿ. ತಿಂದು ಇಬ್ರೂ ರೈಲಿಗೆ ಒಂಟೋಣ."

ಅದೇ ಕಪ್ಪು ದಾರದಿಂದ ತುದಿ ಕಟ್ಟಿದಳು. ಜಡೆ ಸೊಟ್ಟಗಾಯಿತು. ಊರು ಸೇರುವ ತನಕ ನಾನದನ್ನು ಬಿಚ್ಚಲಿಲ್ಲ.