ಅತ್ತೆಯ ಪಿಸುಮಾತು

ನನ್ನ ಸೋದರತ್ತೆ ಬೈರಾಪಟ್ಟಣದಲ್ಲೇ ಅತ್ಯಂತ ಮೆಲುದನಿಯ ಹೆಂಗಸು. ಇದು ಊರಿನ ಅಭಿಪ್ರಾಯವಲ್ಲ, ಅತ್ತೆಯದೇ. ಊರಿನ ಅಭಿಪ್ರಾಯ ಬೇಕಾದರೆ ಪಕ್ಕದ ಊರಿನವರನ್ನು ಕೇಳಿದರೂ ಸಾಕು. ಆ ದನಿ ಅವರಿಗೂ ಪರಿಚಿತ!

"ನಂದು ಗಂಟ್ಲಲ್ಲೇ ಉಳ್ಕೊಳೋ ದನಿ ಕಣವ್ವ" ಎಂದು ಅತ್ತೆ ಹಿತ್ತಲಲ್ಲಿ ನಿಂತು ಹೇಳಿದರೆ, ದೂರದ ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತಿರುವ ಮಾವ ಅಲ್ಲಿಂದಲೇ "ಹೂಂ ಕಣೇ" ಎನ್ನುತ್ತಾರೆ. ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು?

ಒಮ್ಮೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗ, ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಿವಿಯತ್ತ ಬಾಗಿ ಗುಟ್ಟು ಹೇಳಿದರು: "ಚಟ್ನಿಗೆ ನೀರು ಉಯ್ದವ್ನೆ. ಯಾರ್ಗೂ ಯೋಳ್ಬ್ಯಾಡ." ಹೋಟೆಲಿನಲ್ಲಿದ್ದ ಸಮಸ್ತರೂ ತಂತಮ್ಮ ಚಟ್ನಿಗೆ ಬೆರಳದ್ದಿ ಪರೀಕ್ಷಿಸಿದರು. ಮಾಲೀಕ ಓಡಿಬಂದು ಗಟ್ಟಿ ಚಟ್ನಿಯ ಬಟ್ಟಲಿಟ್ಟ.

"ನೋಡ್ದಾ, ಎಷ್ಟ್ ಒಳ್ಳೇವ್ನು! ಕೇಳ್ದೆನೇ ತಂದ್ಕೊಟ್ಟ."

ಗ್ರಾಹಕರ ಹಕ್ಕುಗಳ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಮಂಡಿಸಿದ ನನಗೆ ಇಂದಿಗೂ ಒಂದು ಚಮಚ ಚಟ್ನಿ ಹೆಚ್ಚಿಗೆ ದಕ್ಕಿಲ್ಲ!

ಕನಕಪುರದಿಂದ ಗಂಡಿನ ಕಡೆಯವರು ಅತ್ತೆಯ ಮಗಳನ್ನು ನೋಡಲು ಬರುತ್ತಾರೆಂದು ಗೊತ್ತಾದಾಗ ಮನೆಯಲ್ಲಿ ಕಳವಳ ಶುರುವಾಯಿತು. ಹಿಂದೆ ಬಂದಿದ್ದ ವರನನ್ನು ಕಂಡು ಅತ್ತೆ, "ತಲೆಗೂದ್ಲು ಸ್ವಂತದ್ದಲ್ಲ ಅನ್ಸುತ್ತೆ" ಎಂದು ಪಿಸುಗುಟ್ಟಿದ್ದರು. ಆತ ಕಾಫಿ ಮುಟ್ಟದೆ, ತಲೆಯನ್ನು ಮಾತ್ರ ಎರಡೂ ಕೈಯಲ್ಲಿ ಮುಟ್ಟಿಕೊಂಡು ಹೊರಟುಹೋಗಿದ್ದ! ಹಾಗಾಗಿ ಈ ಸಲ ಅತ್ತೆಯನ್ನು ಹಿತ್ತಲಲ್ಲೇ ಕೂರಿಸುವುದೆಂದು ಮಾವನೂ ಅವರ ಮಗಳೂ ತೀರ್ಮಾನಿಸಿದರು. ಕಾರಣವನ್ನು ಮಾತ್ರ ಅತ್ತೆಗೆ ಯಾರೂ ಹೇಳುವಂತಿಲ್ಲ.

ನಾನು ಕೆರಳಿದೆ. ಆರೋಪವನ್ನೇ ತಿಳಿಸದೆ ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಹೆತ್ತ ಮಗಳ ಶಾಸ್ತ್ರದಲ್ಲಿ ತಾಯಿಗೇ ಜಾಗವಿಲ್ಲವೇ?

"ಹಂಗಾದ್ರೆ ನೀನೇ ಯೋಳು, ಓದಿರೋಳು" ಎಂದು ಮಾವ ಸೊಪ್ಪಿನ ಮಂಕರಿ ಎತ್ತಿಕೊಂಡು ಜಾಗ ಖಾಲಿ ಮಾಡಿದರು. ಉತ್ತರದಾಯಿತ್ವದ ಪ್ರಶ್ನೆ ಎದ್ದೊಡನೆ ಈ ನಾಡಿನ ಗಂಡಸರಿಗೆ ತೋಟದ ಕೆಲಸ ನೆನಪಾಗುತ್ತದೆ!

ನಾನು ಫೋನು ಹಿಡಿದು ಅತ್ತೆಯ ಮುಂದೆ ಕುಳಿತೆ. "ಅತ್ತೆ, ರೆಕಾರ್ಡ್ ಮಾಡ್ತೀನಿ. ಒಂದು ಗುಟ್ಟು ಹೇಳಿ."

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ನಿಮ್ಮಾವ ಗೊರಕೆ ಹೊಡೀತಾರೆ ಕಣೇ. ಊರಿಗೆಲ್ಲ ಕೇಳುಸ್ತದೆ. ಪಾಪ, ಅವ್ರಿಗೇ ಗೊತ್ತಿಲ್ಲ."

ಇನ್ನೇನು ಬೇಕು! ರೆಕಾರ್ಡ್ ಆದದ್ದನ್ನು ವಿಜಯೋತ್ಸಾಹದಿಂದ ಅತ್ತೆಗೇ ಕೇಳಿಸಿದೆ. ಹಿತ್ತಲ ಕೋಳಿಗಳು ಚದುರಿದವು. ಅತ್ತೆ ಅಲುಗಾಡಲಿಲ್ಲ.

"ಇದ್ಯಾರೇ?"

"ನೀವೇ ಅತ್ತೆ."

"ಅಲ್ಲ ಕಣೇ... ಇದು ನಮ್ಮವ್ವ."

ನಾನು ಹುಟ್ಟುವ ಮೊದಲೇ ತೀರಿಕೊಂಡ ನನ್ನ ಅಜ್ಜಿ. ಗೋಡೆಯ ಮೇಲೆ ಅವರದೊಂದು ಫೋಟೋ ಇದೆ. ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಅತ್ತೆ ಸೆರಗಿನ ತುದಿಯಿಂದ ಫೋನಿನ ಗಾಜನ್ನು, ಮಗುವಿನ ಮುಖವೆಂಬಂತೆ, ಮೆಲ್ಲಗೆ ಒರೆಸಿದರು.

ಬಾಗಿಲಲ್ಲಿ ಮಾವ, ಏದುಸಿರು ಬಿಡುತ್ತ, ಬರಿಗೈಯಲ್ಲಿ ನಿಂತಿದ್ದರು.

"ತೋಟಕ್ಕೇ ಕೇಳುಸ್ತು. ನಿಮ್ಮವ್ವ ಬಂದ್ರೇನೋ ಅಂತ ಓಡ್ಬಂದೆ" ಎಂದವರೇ, "ಕನಕಪುರದೋರು ಬಂದಾಗ ನೀನು ನಡುಮನೇಲೇ ಕೂತ್ಕೊಂಡಿರು" ಎಂದರು.

ಅತ್ತೆ ನನ್ನತ್ತ ಬಾಗಿದರು.

"ಇನ್ನೊಂದ್ಸಲ ಹಾಕವ್ವ. ಒಸಿ ಜೋರಾಗಿ."

ಆ ಮಾತು ನನ್ನೊಬ್ಬಳಿಗೇ ಕೇಳಿಸಿತು.