ಕೆರೆಯಲ್ಲಿ ಪಾಸಾದ ಕಡಲ ದೋಣಿ

ವಿಹಾರ ದೋಣಿಗಳ ಸುರಕ್ಷತಾ ಪರಿಶೀಲನಾಧಿಕಾರಿಗಳ ಸನ್ನಿಧಾನಕ್ಕೆ,
ಮೂರನೆಯ ಮಾಳಿಗೆ, ಗುಡ್ಡದ ಮೇಲೆ, ಮಣಿಪಾಲ.

ಕಾಪು, ಫೆಬ್ರವರಿ 2003

ಮಾನ್ಯರೇ,

ಕಡಲಿನಿಂದ ಸಾಕಷ್ಟು ದೂರದಲ್ಲಿ, ಉಪ್ಪುಗಾಳಿ ತಾಗದಷ್ಟು ಎತ್ತರದಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿ, ಕಾಪುವಿನ ಭುಜಂಗ ಮೆಂಡನ್ ಎಂಬ ನಾನು, ನನ್ನ ಹೆಂಡತಿ ಸುಗಂಧಿ ಮತ್ತು ಆಕೆಯ ಹೆಸರನ್ನೇ ಹೊತ್ತಿರುವ ನನ್ನ ದೋಣಿ, ಈ ಮೂವರೂ ಸೇರಿ ತಮಗೆ ಮಾಡುವ ನಮಸ್ಕಾರಗಳು. ದೋಣಿಗೆ ಕೈಯಿಲ್ಲವಾದ್ದರಿಂದ ಅದರ ಪಾಲಿನ ಕೈಯನ್ನೂ ನಾನೇ ಮುಗಿದಿದ್ದೇನೆ.

ರಜೆಯಲ್ಲಿ ಬರುವ ಮಂದಿಯನ್ನು ನನ್ನ ಸಣ್ಣ ಫೈಬರ್ ದೋಣಿಯಲ್ಲಿ ದೀಪಸ್ತಂಭದ ಆಚೆಗೆ ಕರೆದೊಯ್ದು, ಕೈಗೊಂದು ಗಾಳ ಕೊಟ್ಟು, ಅವರು ಹಿಡಿದ ಒಂದೇ ಒಂದು ಬಂಗುಡೆಯನ್ನು ತಿಮಿಂಗಿಲವೆಂಬಂತೆ ಹೊಗಳಿ, ಮರಳಿ ದಡಕ್ಕೆ ತಲುಪಿಸುವುದು ನನ್ನ ಉದ್ಯೋಗ. ಇಂಥ ದೋಣಿಗಳಿಗೆ ಸುರಕ್ಷತಾ ಪ್ರಮಾಣಪತ್ರ ಕಡ್ಡಾಯವೆಂದು ತಾವು ಪ್ರಕಟಿಸಿದಾಗ ಉಳಿದ ದೋಣಿಯವರೆಲ್ಲ ಮುಖ ಸಿಂಡರಿಸಿದರು, ನಾನೊಬ್ಬ ಮಾತ್ರ ಮನಸಾರೆ ಸಂತೋಷಪಟ್ಟೆ. ನನ್ನ ಭಾವ ಚಂದು ಒಮ್ಮೆ ದೋಣಿ ಮಗುಚಿ, ಖಾಲಿ ಸೀಮೆಎಣ್ಣೆ ಕ್ಯಾನನ್ನು ತಬ್ಬಿಕೊಂಡು ದಡ ಸೇರಿದವನು. ಅಂದಿನಿಂದ ಲೈಫ್ ಜಾಕೆಟ್ ತೊಡಿಸದೆ ಯಾರನ್ನೂ ದೋಣಿಯಲ್ಲಿ ಕೂರಿಸುವ ಧೈರ್ಯ ನನಗಿಲ್ಲ. ಆದ್ದರಿಂದ ನಮ್ಮೂರಿನಲ್ಲಿ ಮೊದಲ ಅರ್ಜಿ ನನ್ನದೇ ಎಂದು ಹೆಮ್ಮೆಯಿಂದ ಗುಡ್ಡ ಹತ್ತಿ ಬಂದೆ.

ಬಂದ ಮೇಲೆ ತಮ್ಮ ನಿಯಮಗಳ ಸೊಬಗಿಗೆ ಮರುಳಾದೆ. ಪ್ರಮಾಣಪತ್ರವಿಲ್ಲದ ದೋಣಿಯಲ್ಲಿ ಅಧಿಕಾರಿಯೂ ಸೇರಿ ಯಾರೂ ಕಡಲಿಗೆ ಇಳಿಯಬಾರದೆಂದು ಒಂದು ನಿಯಮ. ಅಧಿಕಾರಿ ದೋಣಿಯೇರಿ, ಎಂಟು ಪ್ರಯಾಣಿಕರನ್ನು ಕೂರಿಸಿ, ನೀರಿನಲ್ಲಿ ಪರೀಕ್ಷಿಸದೆ ಪ್ರಮಾಣಪತ್ರ ಕೊಡಬಾರದೆಂದು ಅದರ ಪಕ್ಕದಲ್ಲೇ ಇನ್ನೊಂದು. ಈ ಎರಡರ ನಡುವೆ ಸೊಳ್ಳೆಯೂ ನುಸುಳಲಾರದೆಂದು ನಾನು ತಲೆಯ ಮೇಲೆ ಕೈಹೊತ್ತು ಕುಳಿತಿರಲು, ತಾವು ಕನ್ನಡಕ ಒರೆಸಿಕೊಂಡು, ನಿಯಮದಲ್ಲಿ ನೀರು ಎಂದಿದೆಯೇ ಹೊರತು ಕಡಲ ನೀರು ಎಂದಿಲ್ಲವೆಂದೂ, ಹಿರಿಯಡ್ಕದ ಆಚೆ ಒಂದು ಒಳ್ಳೆಯ ಕೆರೆ ಇದೆಯೆಂದೂ ಅಪ್ಪಣೆ ಕೊಡಿಸಿದಿರಿ. ಆ ಕ್ಷಣ ತಮ್ಮ ಪಾದಗಳು ಮೇಜಿನ ಅಡಿಯಲ್ಲಿ ಇಲ್ಲದಿದ್ದರೆ ಖಂಡಿತ ಮುಟ್ಟುತ್ತಿದ್ದೆ.

ಎಂಟು ಪ್ರಯಾಣಿಕರನ್ನು ನನ್ನ ಬೀದಿಯಿಂದಲೇ ತರುತ್ತೇನೆಂದಾಗ ತಾವು ಬೆರಳೆತ್ತಿ ತಡೆದಿರಿ. ತಮ್ಮ ನಿಯಮದ ಪ್ರಕಾರ ಪ್ರಯಾಣಿಕ ಎಂದರೆ ಮೀನು ಹಿಡಿಯುವುದರಲ್ಲಿ ತೊಡಗಿರದ ವ್ಯಕ್ತಿ, ಮೀನು ಹಿಡಿಯುವವನು ಮೀನುಗಾರ, ಮತ್ತು ಮೀನುಗಾರನ ಸಂಗತಿ ತಮ್ಮ ಕಚೇರಿಗೆ ಸಂಬಂಧಪಟ್ಟದ್ದಲ್ಲ. ನನ್ನ ಬೀದಿಯಲ್ಲಿ ಮೀನು ಹಿಡಿಯದವರನ್ನು ಹುಡುಕಿದರೆ ಬೆಕ್ಕೂ ಸಿಗುವುದಿಲ್ಲ. ಬೇರೆ ದಾರಿ ಕಾಣದೆ ಮೆಟ್ಟಿಲಿಳಿದು ಹೊರಬಂದಾಗ, ತಮ್ಮ ಕಚೇರಿಯ ಎದುರು ಏಳುತ್ತಿದ್ದ ಐದು ಮಾಳಿಗೆಯ ಕಟ್ಟಡದ ನೆರಳಿನಲ್ಲಿ ಮಲಕಪ್ಪ ಮೇಸ್ತ್ರಿಯ ಗುಂಪು ರೊಟ್ಟಿ ಬಿಚ್ಚಿ ಕುಳಿತಿತ್ತು. ಕುಷ್ಟಗಿ ಕಡೆಯಿಂದ ದುಡಿಯಲು ಬಂದ ಈ ಎಂಟು ಜನ ಹುಟ್ಟಿದ ಮೇಲೆ ದೋಣಿಯನ್ನೇ ಹತ್ತಿದವರಲ್ಲವೆಂದು ತಿಳಿದಾಗ, ತಮ್ಮ ನಿಯಮಕ್ಕೆ ತಕ್ಕ ಶುದ್ಧ ಪ್ರಯಾಣಿಕರು ಸಿಕ್ಕರೆಂದು ನನ್ನ ಆನಂದಕ್ಕೆ ಪಾರವಿರಲಿಲ್ಲ.

ಅವರಲ್ಲಿ ಹಿರಿಯಳಾದ ಯಂಕವ್ವನನ್ನು, ಕಡಲು ನೋಡಿದ್ದೀರಾ ಎಂದು ಮಾತಿಗೆ ಕೇಳಿದೆ. ಎರಡು ವರ್ಷದಿಂದ ತಲೆಯ ಮೇಲೆ ಜಲ್ಲಿ ಹೊತ್ತು ಐದನೆಯ ಮಾಳಿಗೆ ಏರುವ ಆ ತಾಯಿ ಪಡುವಣದ ನೀಲಿ ಗೆರೆಯನ್ನು ತೋರಿಸಿ, "ದಿನಾ ನೋಡ್ತೀನ್ರಿ. ಇನ್ನೂ ಮುಟ್ಟಿಲ್ಲ" ಎಂದಳು. ಭಾನುವಾರ ಬಂದರೆ ಬಟ್ಟೆ ಒಗೆಯುವುದು, ಸಂತೆ ಮಾಡುವುದು. ಕಡಲು ಮುಟ್ಟುವುದಕ್ಕೆ ಬಿಡುವಾಗಿರಲಿಲ್ಲ. ಕಟ್ಟಡ ಈ ತಿಂಗಳಿಗೆ ಮುಗಿದು, ಕಂಟ್ರಾಕ್ಟರು ಅವರನ್ನೆಲ್ಲ ಹಾಸನದ ಕಡೆಗೆ ಕರೆದೊಯ್ಯುವವರಿದ್ದರು. ಕೆರೆಯ ಪರೀಕ್ಷೆಗೆ ಬನ್ನಿ, ಪ್ರಮಾಣಪತ್ರ ಬಂದ ಮರುದಿನವೇ ನಿಮ್ಮನ್ನು ನಿಜವಾದ ಕಡಲಿಗೆ ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟೆ.

ಹೀಗೆ ಕಡಲಂಚಿನಲ್ಲೇ ಹುಟ್ಟಿ ಬೆಳೆದ ನನ್ನ ದೋಣಿ, ಈಜು ಬರುತ್ತದೆಂದು ರುಜುವಾತುಪಡಿಸಲು ಲಾರಿಯೇರಿ ಗುಡ್ಡ ಹತ್ತಿತು. ಪರ್ಕಳದ ಇಳಿಜಾರಿನಲ್ಲಿ ಬಸ್ಸುಗಳು ದಾರಿ ಬಿಟ್ಟುಕೊಟ್ಟವು. ಹಿರಿಯಡ್ಕದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯ ಲೀಲಾಧರಣ್ಣ ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಹಳ ಗಾಬರಿಯಿಂದ, "ಎಂತ ಮಾರಾಯ್ರೆ, ಕಡಲು ಇಲ್ಲಿಯವರೆಗೆ ಬರ್ತದೆ ಅಂತ ಪೇಪರಿನಲ್ಲಿ ಉಂಟಾ?" ಎಂದು ಕೇಳಿದರು. ಇಲ್ಲ, ಸರಕಾರವೇ ಕಡಲನ್ನು ಇಲ್ಲಿಗೆ ತರಿಸುವುದಿದೆ ಎಂದು ಹೇಳಿ ಸಮಾಧಾನಪಡಿಸಿದೆ.

ಕೆರೆಯ ದಂಡೆಯಲ್ಲಿ ಛತ್ರಿಯಡಿ ಕುರ್ಚಿ ಹಾಕಿಸಿಕೊಂಡು ತಾವು ನಡೆಸಿದ ಪರೀಕ್ಷೆಯನ್ನು ಆ ಊರಿನ ಎಮ್ಮೆಗಳೂ ಮರೆಯಲಾರವು. ಅಧಿಕಾರಿ ದೋಣಿಯೇರಬೇಕೆಂಬ ನಿಯಮಕ್ಕೆ ಚ್ಯುತಿ ಬಾರದಂತೆ ತಾವು ಬಲಗಾಲನ್ನು ದೋಣಿಯೊಳಗಿಟ್ಟು, ಎಡಗಾಲನ್ನು ಗಟ್ಟಿ ನೆಲದ ಮೇಲೇ ಉಳಿಸಿಕೊಂಡು, ದೋಣಿ ಒಂದಿಷ್ಟು ಅಲುಗಿದೊಡನೆ ಎರಡನ್ನೂ ದಂಡೆಯ ಮೇಲೆ ಒಟ್ಟುಗೂಡಿಸಿದ ಚಾಕಚಕ್ಯತೆಗೆ ಮಲಕಪ್ಪ ಮೇಸ್ತ್ರಿ ಚಪ್ಪಾಳೆ ತಟ್ಟಿದ್ದು ತುಂಟತನದಿಂದಲ್ಲ, ಅದೂ ಪರೀಕ್ಷೆಯ ಭಾಗವೆಂದು ಅವರು ತಿಳಿದಿದ್ದರು. ಲೈಫ್ ಜಾಕೆಟ್‌ಗಳ ಬಣ್ಣ ಕಿತ್ತಳೆಯೇ ಎಂದು ತಾವು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದಿರಿ. ಕೊಂಡಾಗ ಅವು ಕೆಂಪಗಿದ್ದವು. ಹಲವು ಬೇಸಗೆಗಳ ಬಿಸಿಲು ತಮ್ಮ ನಿಯಮವನ್ನು ಮೊದಲೇ ಓದಿಕೊಂಡು ಅವನ್ನು ಕಿತ್ತಳೆಯಾಗಿಸಿತ್ತು. ಅವು ತೇಲುತ್ತವೆಯೇ ಎಂದು ಮಾತ್ರ ತಾವು ಕೇಳಲಿಲ್ಲ. ಮಾನ್ಯರೇ, ಇಡೀ ದಿನದಲ್ಲಿ ನನಗೆ ನಗು ಬಾರದೆ ಸಿಟ್ಟು ಬಂದದ್ದು ಅಲ್ಲೊಂದೇ ಕಡೆ.

ಅಷ್ಟರಲ್ಲಿ ಆ ಅನಾಹುತ ಸಂಭವಿಸಿತು. ದೋಣಿಯ ಮೂಲೆಯಲ್ಲಿದ್ದ ಗಾಳವನ್ನು ಯಂಕವ್ವ ಕುತೂಹಲಕ್ಕೆಂದು, ತನ್ನ ರೊಟ್ಟಿಯ ಚೂರು ಸಿಕ್ಕಿಸಿ ನೀರಿಗೆ ಬಿಟ್ಟಳು, ಮತ್ತು ಹಿರಿಯಡ್ಕದ ಒಂದು ಮುಗುಡು ಮೀನು ಜೋಳದ ರೊಟ್ಟಿಯ ರುಚಿಗೆ ಮೋಸಹೋಯಿತು. ದೋಣಿಯ ತುಂಬ ನಗೆ ಎದ್ದಿತು. ತಾವು ಕುರ್ಚಿಯಿಂದೆದ್ದು, ಈ ಹೆಂಗಸು ಮೀನು ಹಿಡಿದಿದ್ದಾಳೆ, ಆದ್ದರಿಂದ ಈ ಕ್ಷಣದಿಂದ ಇವಳು ಪ್ರಯಾಣಿಕಳಲ್ಲ ಎಂದು ಘೋಷಿಸಿ, ಆಕೆಯನ್ನು ದಂಡೆಗೆ ಇಳಿಸಿ, ಉಳಿದ ಏಳು ಜನರಿಂದ ಪರೀಕ್ಷೆ ಮುಗಿಸಿದಿರಿ. ಆಕೆ ಮೀನನ್ನು ಸೆರಗಿನಲ್ಲಿ ಸುತ್ತಿಕೊಂಡು, ತಪ್ಪೇನೆಂದು ತಿಳಿಯದೆ ನನ್ನ ಮುಖ ನೋಡಿದಳು.

ಪ್ರಮಾಣಪತ್ರವೇನೋ ವಾರದೊಳಗೆ ಬಂತು. ಏಳು ಪ್ರಯಾಣಿಕರಿಗೆ, ಮೇಲ್ಕಂಡ ಕೆರೆಯಲ್ಲಿ ಮಾತ್ರ. ಕಾಪುವಿನ ಕಡಲಿನಲ್ಲಿ ಏಕಿಲ್ಲವೆಂದು ಕೇಳಲು ಬಂದಾಗ, ಅಲ್ಲಿ ಪರೀಕ್ಷೆ ನಡೆದಿಲ್ಲವಲ್ಲ ಎಂದು ತಾವು ತೀರ ನ್ಯಾಯವಾದ ಉತ್ತರ ಕೊಟ್ಟಿರಿ. ಕೆಳಗಿಳಿದರೆ ಮಲಕಪ್ಪ ಮೇಸ್ತ್ರಿ ರಸ್ತೆ ದಾಟಿ ಬಂದು, ಬರುವ ಭಾನುವಾರವೇ ಕಡೆಯದು, ಯಂಕವ್ವ ಸೀರೆ ಒಗೆದು ಇಟ್ಟುಕೊಂಡಿದ್ದಾಳೆ ಎಂದು ಮೆಲ್ಲಗೆ ಹೇಳಿದರು. ನನಗೆ ನಾಚಿಕೆಯಾಯಿತು.

ಆದ್ದರಿಂದ ಅಂದೇ ಹೊಳೆದ ಕೆಲವು ಸಣ್ಣ ಬಿನ್ನಹಗಳು. ಮೊದಲಿಗೆ, ಅರಬ್ಬೀ ಸಮುದ್ರವನ್ನು ಕೆರೆಯೆಂದು ಘೋಷಿಸಿ ಒಂದು ಅಧಿಸೂಚನೆ ಹೊರಡಿಸಬೇಕು. ಪಡುಗಡೆ ದಂಡೆಯಿಲ್ಲವೆಂಬ ಆಕ್ಷೇಪಣೆ ಬಂದರೆ ನಮ್ಮೂರಿನವರು ಶ್ರಮದಾನದಿಂದ ಕಟ್ಟಿಕೊಡುತ್ತೇವೆ. ಅದು ಕಷ್ಟವಾದರೆ ಕೆರೆಯನ್ನಾದರೂ ಕಾಪುವಿಗೆ ವರ್ಗಾವಣೆ ಮಾಡಬೇಕು. ಅದೂ ಆಗದಿದ್ದರೆ, ಹಿರಿಯಡ್ಕದ ಎಮ್ಮೆ ನೀರಿಗಿಳಿದಾಗ ಏಳುವುದಕ್ಕಿಂತ ದೊಡ್ಡ ಅಲೆ ಎಬ್ಬಿಸಕೂಡದೆಂದು ಕಡಲಿಗೆ ಒಂದು ನೋಟೀಸು ಕಳುಹಿಸಬೇಕು; ಅಂಟಿಸಿ ಬರಲು ಬೇಕಾದರೆ ನನ್ನ ದೋಣಿ ಇದೆ, ಆದರೆ ತಮ್ಮ ಜವಾನ ಅದನ್ನು ಹತ್ತುವ ಹಾಗಿಲ್ಲ.

ಈ ಬಿನ್ನಹಗಳು ತಮ್ಮನ್ನು ತಲುಪುವುದರೊಳಗೆ ಭಾನುವಾರ ಕಳೆದುಹೋಗುತ್ತದಲ್ಲ ಎಂದು ನಾನು ಊಟ ಬಿಟ್ಟು ಕುಳಿತಿದ್ದಾಗ, ಮೀನು ಕೊಯ್ಯುತ್ತಿದ್ದ ಸುಗಂಧಿ ತಲೆಯೆತ್ತದೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ಗಾಳ ಹಿಡಿದವರು ಪ್ರಯಾಣಿಕರಲ್ಲ ಅಂತ ಹೇಳಿದ್ದು ಆ ಸಾಹೇಬರೇ ಅಲ್ವಾ? ಮತ್ತೆ ಎಲ್ಲರ ಕೈಗೂ ಒಂದೊಂದು ಗಾಳ ಕೊಡಿ."

ಮಾನ್ಯರೇ, ಗಾಳ ಹಾಕಲೆಂದೇ ಜನ ಬರುವ ದೋಣಿಗೆ, ಗಾಳ ಹಾಕದವರಿಗಾಗಿ ಮಾತ್ರ ತಾವು ನಿಯಮ ಮಾಡಿದ್ದೀರಿ ಎಂಬುದು ಅಲ್ಲಿಯವರೆಗೆ ನನಗೂ ಹೊಳೆದಿರಲಿಲ್ಲ, ತಮಗೂ ಹೊಳೆದಿರಲಿಲ್ಲ. ಕಳೆದ ಭಾನುವಾರ ಬೆಳಿಗ್ಗೆ, ಗಾಳಿ ನೋಡಿಕೊಂಡು, ಜಾಕೆಟ್‌ಗಳ ಪಟ್ಟಿಗಳನ್ನು ನಾನೇ ಎಳೆದು ಕಟ್ಟಿ, ಎಂಟು ಜನ ಮೀನುಗಾರರೊಂದಿಗೆ ಕಡಲಿಗಿಳಿದೆ. ಯಂಕವ್ವ ಮೊಣಕೈವರೆಗೆ ಕೈ ಮುಳುಗಿಸಿ ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಹಿಂತಿರುಗಿ ಗುಡ್ಡದ ಕಡೆ ನೋಡಿ, ದೂರದಲ್ಲಿ ಬೆಳ್ಳಗೆ ಮಿಂಚುತ್ತಿದ್ದುದನ್ನು ಗುರುತಿಸಿ, "ನಾವು ಕಟ್ಟಿದ್ದು ಇಲ್ಲಿಗೂ ಕಾಣ್ತದಲ್ರಿ" ಎಂದಳು. ಎಲ್ಲರೂ ಗಾಳ ಮರೆತು ಅದನ್ನೇ ನೋಡುತ್ತ ಕುಳಿತರು. ಅಷ್ಟು ಹೊತ್ತು ಅವರು ಪ್ರಯಾಣಿಕರಾಗಿದ್ದರೆಂದು ತಾವು ತೀರ್ಮಾನಿಸಿದರೆ, ಆ ತಪ್ಪನ್ನು ನನ್ನ ಹೆಸರಿಗೆ ಬರೆದುಕೊಳ್ಳಿ.

ತಮ್ಮ ಎಡಗಾಲಿಗೂ ಬಲಗಾಲಿಗೂ ಸಮಾನವಾಗಿ ತಲೆಬಾಗುವ,
ತಮ್ಮ ವಿಶ್ವಾಸಿ,
ಭುಜಂಗ ಮೆಂಡನ್

ತಾ.ಕ.: ಆ ಕಟ್ಟಡದ ಎದುರಿನ ತಮ್ಮ ಕಚೇರಿಯನ್ನೂ ಹುಡುಕಿದೆವು, ತಗ್ಗಾದ್ದರಿಂದ ಕಾಣಲಿಲ್ಲ. ಯಂಕವ್ವ ಹಾಸನಕ್ಕೆ ಹೊರಡುವ ಮುಂಚೆ ತನ್ನ ಗಾಳವನ್ನು ತಮಗೆಂದು ಕೊಟ್ಟು, "ಅಂಜಬ್ಯಾಡ್ರಿ ಅಂತ ಹೇಳ್ರಿ ಸಾಹೇಬ್ರಿಗೆ, ನನಗೂ ಮೊದಲು ಅಂಜಿಕಿ ಇತ್ತು" ಎಂದಿದ್ದಾಳೆ. ಇದರೊಂದಿಗೆ ಲಗತ್ತಿಸಿದ್ದೇನೆ, ಕೊಕ್ಕೆ ಚುಚ್ಚೀತು, ಜೋಪಾನ. ತಾವು ಬರುವುದಾದರೆ ಇರಲಿ ಎಂದು ಒಂಬತ್ತನೆಯ ಜಾಕೆಟ್ ಒಂದನ್ನು ತರಿಸಿಟ್ಟಿದ್ದೇನೆ. ಅದರ ಬಣ್ಣ ನೀಲಿ, ಆದರೆ ತೇಲುತ್ತದೆ.