ಮಂಕರಿ ದಫೇದಾರರು

ಎರಡನೇ ಮಹಾಯುದ್ಧದ ಆ ಕಾಲದಲ್ಲಿ ಮಳವಳ್ಳಿಯ ಕೋಳಿಗಳು ಬೀದಿಪಾಲಾದದ್ದಕ್ಕೆ ಯುದ್ಧ ಕಾರಣವಲ್ಲ, ನಮ್ಮ ಚಿಕ್ಕಪ್ಪ ಕಾರಣ! ಸೀಮೆಎಣ್ಣೆ, ಸಕ್ಕರೆಗಳನ್ನು ಯುದ್ಧ ತಿಂದಿತು, ಒಪ್ಪಿದೆ. ಆದರೆ ಕೋಳಿ ಮುಚ್ಚುವ ಬಿದಿರಿನ ಮಂಕರಿಗಳು ಮಾಯವಾದದ್ದು ಪೊಲೀಸ್ ದಫೇದಾರರಾಗಿದ್ದ, ತಮ್ಮಂಥ ಪತ್ತೇದಾರ ಸೀಮೆಯಲ್ಲೇ ಇಲ್ಲವೆಂದು ನಂಬಿದ್ದ ಅವರಿಂದಲೇ.

ಎಲ್ಲಿ ಕಳವಾದರೂ ಕಳ್ಳನ ಹೆಜ್ಜೆ ಗುರುತಿನ ಮೇಲೆ ಮಂಕರಿ ಬೋರಲು ಹಾಕಿಬಿಡುತ್ತಿದ್ದರು. ಮಂಡ್ಯದಿಂದ ಇನ್‌ಸ್ಪೆಕ್ಟರು ಬಂದು ಅಳತೆ ತೆಗೆಯುವವರೆಗೆ ಯಾರೂ ಮುಟ್ಟಕೂಡದು. ಅವರು ಬರಬೇಕಾದ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸೋ, ಮದ್ದೂರಿನಲ್ಲಿ ಕೆಮ್ಮಿ ನಿಂತರೆ ಮೂರು ದಿನ! ಅಷ್ಟರಲ್ಲಿ ಮಂಕರಿಯಿಲ್ಲದ ಮನೆಯ ಕೋಳಿ ಕಳವಾಗುತ್ತಿತ್ತು. ಆ ಕಳ್ಳನ ಹೆಜ್ಜೆಗೆ ಇನ್ನೊಂದು ಮಂಕರಿ. ಅಪರಾಧ ಹೆಚ್ಚದೆ ಇನ್ನೇನಾದೀತು, ನೀವೇ ಹೇಳಿ?

ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ನಾನು ಅವರ ಮನೆಯಲ್ಲೇ ಇದ್ದೆ. ಬೆಳಗಾದರೆ ಚಿಕ್ಕಮ್ಮನ ಮಂಗಳಾರತಿ.

"ಸಗಣಿ ಎತ್ತಕ್ಕೆ ಒಂದ್ ಮಂಕರಿ ಇಲ್ಲ ಮನೇಲಿ! ಕಳ್ಳರ್ನ ಇಡೀತೀರೋ, ಅವರ ಎಜ್ಜೆಗೆ ಕಾವು ಕೊಟ್ಟು ಮರಿ ಮಾಡುಸ್ತೀರೋ?"

"ಸಾಕ್ಸಿ ಕಣೇ ಅದು, ಸಾಕ್ಸಿ! ನಿಂಗೇನ್ ಗೊತ್ತು, ಬುಡು!"

ಒಮ್ಮೆ ಕೆರೆ ಏರಿಯ ಮೇಲೆ ಮುದುಕನೊಬ್ಬ ಸತ್ತು ಬಿದ್ದಿದ್ದ. "ಕೊಲೆ!" ಎಂದು ಚಿಕ್ಕಪ್ಪ ಹಿಗ್ಗಿಹೋದರು. ಹೆಣವನ್ನು ಸುತ್ತಿ ಸುತ್ತಿ ನೋಡಿ ಹತ್ತೊಂಬತ್ತು ಮಂಕರಿ ಹಾಕಿಸಿದರು. ನೆಂಟರು ಮಂಕರಿಗಳ ನಡುವೆ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಬಂದು ಚಟ್ಟ ಎತ್ತಬೇಕಾಯಿತು. ಅಳುತ್ತಿದ್ದ ಹೆಂಗಸರೇ ಬಾಯಿಗೆ ಸೆರಗಿಟ್ಟು ನಕ್ಕರು. ಮುದುಕ ವಯಸ್ಸಾಗಿ ಸತ್ತನೆಂದು ಡಾಕ್ಟರು ಹೇಳಿದರು. ಇನ್‌ಸ್ಪೆಕ್ಟರು ಮಂಕರಿ ಎತ್ತಿಸಿದರೆ ಹತ್ತೊಂಬತ್ತರ ಕೆಳಗೂ ಚಿಕ್ಕಪ್ಪನ ಬೂಟಿನದೇ ಗುರುತು!

"ಇನ್ನೇನ್ರೀ ದಫೇದಾರ್ರೇ, ಕೈ ನೀಡಿ, ಬೇಡಿ ಹಾಕ್ತೀನಿ" ಎಂದರು ಇನ್‌ಸ್ಪೆಕ್ಟರು.

ಇಷ್ಟಾದ ಮೇಲಾದರೂ ಮಂಕರಿ ಬಿಟ್ಟರೇ? ಎಲ್ಲಿ ಬಂತು!

ಒಂದು ದಿನ ಪಟೇಲರ ಹಿತ್ತಲಿನಿಂದ ಮದುವೆ ಅಡಿಗೆಯ ದೊಡ್ಡ ತಾಮ್ರದ ಕೊಳದಪ್ಪಲೆ ಕಳವಾಯಿತು. ಹಿಂದಿನ ವಾರ ಅದಕ್ಕೆ ಕಲಾಯಿ ಹಾಕಿದ್ದ ಸಾಬರನ್ನು ಜನ ಠಾಣೆಗೆ ಎಳೆತಂದರು. "ಇವನೇ ಕಣ್ಲಾ! ಕಂಬಕ್ಕೆ ಕಟ್ಟಿ ನಾಕು ಬುಡ್ರಲಾ!" ಸಾಬರ ಹೆಂಡತಿ ಮೆಟ್ಟಿಲ ಮೇಲೆ ಕುಸಿದು ಅಳುತ್ತಿದ್ದಳು. ಜನರ ಕೈಗೆ ಸಿಗದಿರಲೆಂದು ಚಿಕ್ಕಪ್ಪ ಸಾಬರನ್ನು ಒಳಗೆ ಕೂರಿಸಿ ಬೀಗ ಹಾಕಿ, ಹಿತ್ತಲಿಗೆ ಓಡಿದರು. ಕೆಸರಿನಲ್ಲಿ ಬರಿಗಾಲಿನ ಒಂದೇ ಒಂದು ಹೆಜ್ಜೆ. ಮಂಕರಿ ಮುಚ್ಚುವಷ್ಟರಲ್ಲಿ ಮಳೆ!

ಮಂಕರಿ ಮಳೆ ತಡೆದೀತೇ? ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಮಂಕರಿಗೆ ಕೊಡೆ ಹಿಡಿದು, ತಾವು ತೊಪ್ಪೆಯಾಗುತ್ತ ಮಧ್ಯಾಹ್ನವೆಲ್ಲ ನಿಂತರು. ಊರಿಗೆ ಊರೇ ಬೇಲಿಯಾಚೆ ನಿಂತು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

"ಸಾಕು ಬನ್ನಿ ಚಿಕ್ಕಪ್ಪ, ಜ್ವರ ಬರುತ್ತೆ."

"ಊರೆಲ್ಲ ಆವಯ್ಯನೇ ಕಳ್ಳ ಅಂತದೆ ಕಣವ್ವ. ಔದೋ ಅಲ್ವೋ ಏಳಕ್ಕೆ ಇರದು ಇದೊಂದೇ. ಇದೂ ಕೊಚ್ಕೊಂಡೋದ್ರೆ ಅವನ ಗತಿ?"

ನನ್ನ ನಗು ಅಲ್ಲೇ ಉಡುಗಿಹೋಯಿತು.

ಅಂದು ಬಸ್ಸಿಗೂ ಕರುಣೆ ಬಂದಿತ್ತು. ಸಂಜೆಗೇ ಬಂದ ಇನ್‌ಸ್ಪೆಕ್ಟರು ಆ ಗುರುತಿನ ಪಕ್ಕದಲ್ಲೇ ಸಾಬರಿಂದ ಹೆಜ್ಜೆ ಇಡಿಸಿದರು. ಕಲಾಯಿಗೆ ಮುನ್ನ ಪಾತ್ರೆಗಳೊಳಗೆ ನಿಂತು ಮರಳು ಹಾಕಿ ಕಾಲಲ್ಲೇ ಉಜ್ಜಿ ಉಜ್ಜಿ ಅವರ ಪಾದ ಮಣೆಯಂತೆ ಚಪ್ಪಟೆಯಾಗಿತ್ತು, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಮಂಕರಿಯ ಕೆಳಗಿನದು ಸಣ್ಣ, ನಾಜೂಕು ಪಾದ. ಅಲ್ಲಿದ್ದವರೆಲ್ಲರಿಂದಲೂ ಹೆಜ್ಜೆ ಇಡಿಸಿದಾಗ ಅದು ಸರಿಹೊಂದಿದ್ದು ಯಾರಿಗೆ ಅಂತೀರಿ? ಪಟೇಲರ ಅಳಿಯನಿಗೆ! ಕೊಳದಪ್ಪಲೆ ಅವನ ಅಟ್ಟದ ಮೇಲೇ ಇತ್ತು.

ಬಿಡುಗಡೆಯಾದ ಸಾಬರು ಮನೆಗೆ ಹೋಗಲಿಲ್ಲ. ಠಾಣೆಯ ಬೆಂಚಿನ ಮೇಲೆ ಗಡಗಡ ನಡುಗುತ್ತಿದ್ದ ಚಿಕ್ಕಪ್ಪನನ್ನು ಕಂಡು, ತಮ್ಮ ಬೆಂಕಿ ಊದುವ ತಿದಿ, ಇದ್ದಿಲು ತಂದು ಜಗಲಿಯಲ್ಲೇ ಬೆಂಕಿ ಮಾಡಿದರು.

"ಏನ್ ಸಾಬ್ರೇ ಇದು! ಠಾಣೇಲಿ ಬೆಂಕಿ ಆಕದು ಅಪರಾಧ, ಗೊತ್ತಾ?"

"ಆಮೇಲ್ ಹಿಡ್ಕೊಂಡೋಗಿ ಸ್ವಾಮಿ. ಮೊದ್ಲು ಕೈ ಕಾಸ್ಕೊಳ್ಳಿ."

ಚಿಕ್ಕಪ್ಪ ಬೆಂಕಿಗೆ ಕೈ ಚಾಚಿದರು. ನಾನು ಸಾಬರಿಂದ ತಿದಿ ಇಸಿದುಕೊಂಡು ಒತ್ತತೊಡಗಿದೆ. ನಕ್ಕದ್ದಕ್ಕೆ ನಾಚಿಕೆ, ಇವರು ನನ್ನ ಚಿಕ್ಕಪ್ಪನೆಂದು ಹೆಮ್ಮೆ, ಎರಡೂ ಒಟ್ಟಿಗೇ. ಅಷ್ಟರಲ್ಲಿ "ಕಂಬಕ್ಕೆ ಕಟ್ಟಿ" ಎಂದು ಕೂಗಿದ್ದವರಲ್ಲೇ ಒಬ್ಬ ತಲೆ ತಗ್ಗಿಸಿಕೊಂಡು ಬಂದ. ಪಂಚೆಯ ಮಡಿಲಲ್ಲಿ ತಂದಿದ್ದ ಇದ್ದಿಲನ್ನು ಬೆಂಕಿಗೆ ಸುರಿದು, ಸಾಬರ ಪಕ್ಕದಲ್ಲೇ ಕುಳಿತುಕೊಂಡ.